ಮೂಲೀ ಟೇಬಲ್ಲು

ಅಂಬಾಸಾನ ಬಾರು ಬಂದಾತು.
ಬೋರ್ಡು ಇಳಿಸೂ ದಿವಸ ನಾನೂ ನಿಚ್ಚಣಕಿ ಹಿಡದಿದ್ದೆ.
'ಶ್ರೀ' ಅಕ್ಷರದ ಹಿಂದ ಗುಬ್ಬಿ ಗೂಡಿತ್ತು.
ಅಷ್ಟ ಬಿಟ್ಟು ಉಳದದ್ದು ಬಿಚ್ಚರಿ ಅಂದ.
ಆಗಲಿಲ್ಲ. ತಗಡು ಒಂದ ಹಾಳಿ.

ಇಪ್ಪತ್ತಾರು ವರ್ಷ ಅವನ ಬಿಲ್ ಬುಕ್ಕು
ನನ್ನ ಪ್ರೆಸ್ಸಿನಾಗ ಅಚ್ಚಾದುವು:
ಗುಲಾಬಿ ಕಾಗದ, ನೂರು ಹಾಳಿ, ನಡುವ ತೂತಿನ ಗೆರಿ,
ಕೆಳಗ ಸಣ್ಣಕ್ಷರದಾಗ 'ಉದ್ರಿ ಕೇಳಬ್ಯಾಡ್ರಿ'.
ಉದ್ರಿ ಬರಿಯಾಕೂ ಅದ ಪುಸ್ತಕ.
ನನ್ನ ಮಜೂರಿ ಅಂವ ರೊಕ್ಕದಾಗ ಕೊಟ್ಟದ್ದು ಕಮ್ಮಿ,
ನಾ ಕ್ವಾರ್ಟರ್ ಲೆಕ್ಕದಾಗ ತೀರಿಸಿಕೊಂಡದ್ದು ಹೆಚ್ಚು.
ಯಾರಿಗೆ ಯಾರು ಬಾಕಿ
ಅವಗೂ ಗೊತ್ತಿಲ್ಲ, ನನಗೂ.

ದೊಡ್ಡ ಜಾಗಾ ಏನಲ್ಲ.
ಎಂಟು ಟೇಬಲ್ಲು. ಒಂಬತ್ತನೇದಕ್ಕ ಒಂದು ಕಾಲಿಲ್ಲ.
ಮಗ್ಗ ನಿಲ್ಲಿಸಿ ಬರೂ ಕೊಟ್ರಪ್ಪನ ಕಿವ್ಯಾಗ
ಖಟಖಟ ಇನ್ನೂ ನಿಂತಿರತಿರಲಿಲ್ಲ,
ಅದಕ್ಕ ಒದರಿ ಮಾತಾಡಂವ.
'ಮೆಲ್ಲಕ' ಅಂದ್ರ 'ಏನು?' ಅಂತಿದ್ದ.
ಕಂಡಕ್ಟರ್ ಬಿಷ್ಟಪ್ಪ ದಿನವೆಲ್ಲಾ ಚಿಲ್ಲರ ಎಣಿಸಿ ಎಣಿಸಿ
ಶೇಂಗಾನೂ ಎರಡೆರಡ ತಿನ್ನಂವ.
ದಾವಲಸಾಬ ಹೇಳೂಕಿಂತ ಮುಂಚೆ ತಂದಿಡತಿದ್ದ.
ಒಂದಿನ ನಾ ಬ್ಯಾಡ ಅನ್ನಬೇಕಂತ ಹೋಗಿದ್ದೆ,
ಅನ್ನೂದ್ರಾಗ ಗ್ಲಾಸು ಮುಂದ ಇತ್ತು.
ಕುಡದೆ. ಪಾಪ, ತಂದಾನಲ್ಲ.

ಬರೇ ಒಳ್ಳೇದನ್ನ ಹೇಳಾಕತ್ತೇನಿ.
ಪಗಾರದ ದಿನ ಕೊಟ್ರಪ್ಪನ ಹೆಂಡತಿ
ಗಟಾರದಾಚೆ ನಿಂತು ಮಗನ್ನ ಒಳಗ ಕಳಸೂದು,
ಹುಡುಗ ಮಾತಾಡಲಾರದ
ಅಪ್ಪನ ಅಂಗಿ ಕಿಸೆ ಹಿಡದು ನಿಲ್ಲೂದು,
ಅದನ್ನೂ ನೋಡೇವಿ ನಾವೆಲ್ಲಾ.
ನೋಡಿ, ಶೇಂಗಾ ಸುಲದೇವಿ.

ಅಂಬಾಸಾನ ಮೊಣಕಾಲು ಹೋದುವು,
ಲೈಸೆನ್ಸು ಬೈಪಾಸ್ ಕಡೆ ಯಾರಿಗೋ ಹೋತು.
ಕಡೀ ಬಿಲ್ ಬುಕ್ಕಿನಾಗ ಮೂವತ್ತೊಂದು ಹಾಳಿ ಖಾಲಿ.
'ಹಾಲಿನ ಲೆಕ್ಕ ಬರಕೊ' ಅಂತ ನನಗ ಕೊಟ್ಟ.

ಈಗ ಅಲ್ಲಿ 'ರೊಟ್ಟಿ ಬುಟ್ಟಿ'.
ಶುದ್ಧ ಶಾಕಾಹಾರಿ, ಫ್ಯಾಮಿಲಿ ರೆಸ್ಟೋರೆಂಟು.
ಮಾಲಕ ಇನ್ನೂ ಹುಡುಗ, ನಮಸ್ಕಾರ ಮಾಡಂವ,
ಮೆನು ಕಾರ್ಡು ನನ್ನ ಕಡೇನ ಕೊಟ್ಟ.
ಪ್ರೂಫಿನಾಗ ಜುಣಕ 'ಜನಕ' ಆಗಿತ್ತು. ತಿದ್ದಿದೆ.
ರೇಟು ತಿದ್ದೂದು ನನ್ನ ಕೈಯಾಗಿಲ್ಲ.

ಪೂಜಾದ ಮರುದಿನ ಸಾವಂತ್ರವ್ವ ಅಂದ್ಲು:
'ನಡೀರಿ, ನಿಮ್ಮ ಆಫೀಸು ತೋರಸ್ರಿ.'
ಮೂವತ್ತು ಹೆಜ್ಜಿ ದೂರದ ಆ ಬಾಗಲಾ
ಆಕಿ ದಾಟಿದ್ದು ಅವತ್ತ.
ಇಸ್ತ್ರಿ ಮಾಡಿದ ಇಳಕಲ್ ಸೀರಿ,
ಮದವಿಗೆ ಹೊಂಟಾಕಿ ಹಂಗ.

ಗ್ವಾಡಿಗೆ ಈಗ ಕಟಗಿ ಹಲಗಿ ಬಡದಾರ,
ಹಲಗಿ ಮ್ಯಾಲ ಬೀಸೂಕಲ್ಲಿನ ಚಿತ್ರ,
ಬಾಜೂಕ ಮಳಿ ಹೊಡದು ತೂಗುಹಾಕಿದ ಒಂದು ಲಾಳಿ.
ಕೊಟ್ರಪ್ಪಂದಿರಬೇಕು. ಹ್ವಾದ ವರ್ಷ
ಮಗ್ಗ ಗುಜರಿಗೆ ಹಾಕಿದ್ದ.

'ಎಲ್ಲಿ ಕುಂದ್ರತಿದ್ರಿ?'
ತೋರಿಸಿದೆ. ಮೂಲಿ ಅದ, ಟೇಬಲ್ಲು ಬ್ಯಾರೆ.
ನನ್ನ ಜಾಗಾದಾಗ ಗ್ವಾಡಿಗೆ ಬೆನ್ನು ಕೊಟ್ಟು ಕುಂತ್ಲು.
ಖಡಕ್ ರೊಟ್ಟಿ ಮುರದು ಜುಣಕ ಹಚ್ಚಿ
'ಎಣ್ಣಿ ಹೆಚ್ಚಾತು' ಅನಕೋತ ಕಿಡಕಿ ಕಡೆ ಹೊಳ್ಳಿದಾಕಿ
ಹಂಗ ಉಳದ್ಲು.
ತುತ್ತು ದವಡ್ಯಾಗ.

ಕಿಡಕಿ ಹೊರಗ ಓಣಿ, ಓಣಿ ಆಚೆ ನಮ್ಮನಿ.
ಅಡಗೀಮನಿ ಬಲ್ಬು ಹಚ್ಚಿಟ್ಟ ಬಂದಿದ್ಲು, ರೂಢಿ.
ಕಟ್ಟಿ ಮ್ಯಾಲ ಮುಚ್ಚಿಟ್ಟ ತಾಟು ಸುದ್ದಾ
ಇಲ್ಲಿಂದ ಕಾಣತೈತಿ.

'ಅಂದ್ರ, ಕಾಣತಿತ್ತು' ಅಂದ್ಲು.
ಕೇಳಲಿಲ್ಲ. ಅಂದ್ಲು.

ನಾ ನೀರು ಕುಡದೆ.
ಬಿಲ್ಲು ಬಂತು, ಮಷೀನು ಉಗುಳಿದ ಬಿಳೇ ಚೀಟಿ,
ಕಾರ್ಬನ್ನಿಲ್ಲ, ನಂಬರು ತಪ್ಪಲ್ಲ.
ಆಕಿ ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸಿಟ್ಲು,
ಉಳದ ಜುಣಕ ಕಟ್ಟಿಸಿಕೊಂಡ್ಲು,
ಚಪ್ಪಲಿ ಮೆಟ್ಟೂ ಮುಂದ ಬರೇ ಇಷ್ಟು:
'ಅಡಗೀಮನಿಗೆ ಒಂದು ಪರದೆ ಬೇಕಾತು.'

ಹಿಂದ ಹಿಂದ ನಡದೆ. ಮೂವತ್ತಲ್ಲ,
ಎಣಿಸಿದೆ, ಮೂವತ್ತೆರಡು ಹೆಜ್ಜಿ.